ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲೆಂಡ್‌ಗೆ, ಹಳಿ ಕಿತ್ತ ರೈಲು ದಾರಿಯಲ್ಲಿ ಒಬ್ಬಳೇ ಸೈಕಲ್ ಯಾನ: ತಿಳಿದವರು ಹೇಳಿ

ಅಚ್ಚುಮೊಳೆ, ಬೆಟಗೇರಿ

ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಇಷ್ಟರಲ್ಲೇ ವರ್ಷ ಉರುಳುತ್ತದೆ. ವಯಸ್ಸು ಐವತ್ತರ ಹತ್ತಿರ ಬಂದರೂ ಬೆಳಗಿನ ಜಾವ ಸೈಕಲ್ ತುಳಿಯುವ ಚಟ ಬಿಟ್ಟಿಲ್ಲ. ವಾರದ ದಿನಗಳಲ್ಲಿ ಲಕ್ಕುಂಡಿಗೆ ಹೋಗಿ ಬರುತ್ತೇನೆ, ಭಾನುವಾರ ಡಂಬಳದ ಕಡೆ ಹೊರಳಿ ಕಪ್ಪತ್ತಗುಡ್ಡದ ಏರು ಹತ್ತುತ್ತೇನೆ.

ಸೆಪ್ಟೆಂಬರ್ ಕೊನೆಗೆ ಪಿಟ್ಸ್‌ಬರ್ಗ್‌ನಲ್ಲಿರುವ ತಂಗಿಯ ಮನೆಗೆ ಹೋಗುವವಳಿದ್ದೇನೆ. ಆ ಊರಿನಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲೆಂಡ್‌ವರೆಗೆ ಗ್ರೇಟ್ ಅಲೆಗೇನಿ ಪ್ಯಾಸೇಜ್ ಎಂಬ ದಾರಿಯಿದೆ. 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರ್. ಹಿಂದೆ ರೈಲು ಓಡುತ್ತಿದ್ದ ದಾರಿ. ಹಳಿ ಕಿತ್ತು, ಕಲ್ಲುಪುಡಿ ಹಾಸಿ ಸೈಕಲ್ಲಿಗೂ ಕಾಲ್ನಡಿಗೆಗೂ ಬಿಟ್ಟುಕೊಟ್ಟಿದ್ದಾರೆ. ಮೋಟಾರು ವಾಹನ ಬರುವಂತಿಲ್ಲ. ಅದನ್ನು ಒಬ್ಬಳೇ ಮುಗಿಸುವ ಆಸೆ. ತಂಗಿಗೆ ಸೈಕಲ್ ಬರುವುದಿಲ್ಲ, ಅವಳ ಗಂಡನಿಗೆ ರಜೆ ಸಿಗುವುದಿಲ್ಲ. ನಿಜ ಹೇಳುವುದಾದರೆ ಅವರು ಬರುತ್ತೇವೆಂದರೂ ನನಗೆ ಬೇಡ.

ಮನೆಯವರ ವಾದ ದಿನಕ್ಕೊಂದು. ಮೊನ್ನೆ ಕಳ್ಳರಾಗಿದ್ದರು, ನಿನ್ನೆ ಕರಡಿಯಾಯಿತು, ಇವತ್ತು ಬೆಳಿಗ್ಗೆ ಸುರಂಗ. ಆ ದಾರಿಯಲ್ಲಿ ಒಂದು ಕಿಲೋಮೀಟರ್ ಉದ್ದದ ಸುರಂಗವಿದೆಯೆಂದು ನಾನೇ ಬಾಯಿಬಿಟ್ಟಿದ್ದೆ, ಇನ್ನು ಕೇಳಬೇಕೆ.

ನನಗೆ ಬೇಕಾದದ್ದು ಇಷ್ಟು. ಕಪ್ಪತ್ತಗುಡ್ಡ ಹತ್ತುವ ಕಾಲಿಗೆ ಈ ದಾರಿಯ ಏರು ಲೆಕ್ಕಕ್ಕುಂಟೆ? ಇಲ್ಲಿಂದ ಸೈಕಲ್ ಒಯ್ಯಬೇಕೇ, ಅಲ್ಲೇ ಬಾಡಿಗೆಗೆ ಪಡೆಯಬೇಕೇ? ಮಾಂಸ, ಮೊಟ್ಟೆ ಎರಡೂ ಮುಟ್ಟದವಳಿಗೆ ಆ ಸಣ್ಣ ಊರುಗಳಲ್ಲಿ ಊಟದ ಗತಿಯೇನು? ಡೇರೆಯೋ, ಕೋಣೆಯೋ? ತುಳಿದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಚಿತ್ರ ನೋಡಿದವರ ಅಭಿಪ್ರಾಯ ಮನೆಯಲ್ಲೇ ಸಾಕಷ್ಟಿದೆ.

ಗೋಕುಲ ರಸ್ತೆ, ಹುಬ್ಬಳ್ಳಿ

ವಿಮಾನಕ್ಕೆ ಲಕ್ಷ ಸುರಿದು, ಅಮೆರಿಕಕ್ಕೆ ಹೋಗಿ, ಸಪಾಟು ದಾರಿಯಲ್ಲಿ ಸೈಕಲ್ ತುಳಿಯಬೇಕೇ? ನವಲಗುಂದದ ಕಡೆ ಮಲಪ್ರಭಾ ಕಾಲುವೆಯ ದಂಡೆ ಹಿಡಿಯಿರಿ. ಅದೂ ಸಪಾಟು, ಅಲ್ಲೂ ಯಾರೂ ಇರುವುದಿಲ್ಲ. ಹಸಿವಾದರೆ ಯಾವ ಹೊಲದ ಮನೆಯಲ್ಲಾದರೂ ರೊಟ್ಟಿ ಸಿಗುತ್ತದೆ.

ಎರೆನೆಲ, ಧಾರವಾಡ

ಆ ದಾರಿಯನ್ನು ನಾನು ಒಬ್ಬನೇ ತುಳಿದಿದ್ದೇನೆ, ಕಂಬರ್‌ಲೆಂಡ್‌ನಲ್ಲಿ ನಿಲ್ಲದೆ ಮುಂದೆ ವಾಷಿಂಗ್ಟನ್‌ವರೆಗೂ. ನೌಕರಿಯುದ್ದಕ್ಕೂ ಹೊಲಹೊಲ ತಿರುಗಿ ಮಣ್ಣು ಪರೀಕ್ಷೆ ಮಾಡಿದವನು ನಾನು. ಹೀಗಾಗಿ ನದಿ, ಕಾಡುಗಳ ವರ್ಣನೆಗಿಂತ ಚಕ್ರದ ಕೆಳಗಿನ ನೆಲದ ಮಾತೇ ಹೆಚ್ಚು ಬಂದರೆ ಸಹಿಸಿಕೊಳ್ಳಿ.

ಮೊದಲು ನಿಮ್ಮ ಕಪ್ಪತ್ತಗುಡ್ಡದ ಅಭ್ಯಾಸ. ಅದು ಈ ದಾರಿಗೆ ತಪ್ಪು ಅಭ್ಯಾಸ. ಗುಡ್ಡ ಹತ್ತುವವರಿಗೆ ಒಂದು ಸಂಬಳ ಇರುತ್ತದೆ: ಇಳಿಜಾರು. ಹತ್ತುವಾಗ ಪೆಡಲ್ ಮೇಲೆ ಎದ್ದು ನಿಲ್ಲುತ್ತೀರಿ, ಇಳಿಯುವಾಗ ಕಾಲಿಗೆ ಬಿಡುವು, ಬೆನ್ನಿಗೆ ಬೇರೆ ಭಂಗಿ, ಸೀಟಿನಿಂದ ಸ್ವಲ್ಪ ಹೊತ್ತು ಮುಕ್ತಿ. ರೈಲು ದಾರಿಯಲ್ಲಿ ಅದು ಯಾವುದೂ ಇಲ್ಲ. ಪಿಟ್ಸ್‌ಬರ್ಗ್ ಸಮುದ್ರಮಟ್ಟದಿಂದ ಸುಮಾರು 220 ಮೀಟರ್ ಎತ್ತರದಲ್ಲಿದೆ. ದಾರಿಯ ನೆತ್ತಿಯಾದ ಪೂರ್ವ ಜಲವಿಭಾಜಕ ರೇಖೆ 729 ಮೀಟರ್. ಈ ಐನೂರು ಮೀಟರ್ ಏರನ್ನು 200 ಕಿಲೋಮೀಟರ್ ಉದ್ದಕ್ಕೆ ಹಂಚಿದ್ದಾರೆ. ಏರುತ್ತಿದ್ದೇನೆಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಕಾಲಿಗೆ ಮಾತ್ರ ಗೊತ್ತಾಗುತ್ತದೆ, ಏಕೆಂದರೆ ತುಳಿಯುವುದನ್ನು ನಿಲ್ಲಿಸಿದರೆ ಸೈಕಲ್ ನಾಲ್ಕು ಮಾರು ಹೋಗಿ ನಿಲ್ಲುತ್ತದೆ. ಸುಣ್ಣಕಲ್ಲಿನ ಪುಡಿ ಎಷ್ಟೇ ಗಟ್ಟಿಯಾಗಿ ಕೂತಿದ್ದರೂ ಡಾಂಬರಿನ ಹಾಗೆ ಉರುಳಲು ಬಿಡುವುದಿಲ್ಲ.

ಬೆಳಗ್ಗೆಯಿಂದ ಸಂಜೆಯವರೆಗೆ ಒಂದೇ ವೇಗ, ಒಂದೇ ಗೇರು, ಒಂದೇ ಕೂತ ಭಂಗಿ. ಮೊದಲು ಸೋಲುವುದು ತೊಡೆಯಲ್ಲ, ಅಂಗೈ. ಕಿರುಬೆರಳೂ ಅದರ ಪಕ್ಕದ ಬೆರಳೂ ಜೋಮು ಹಿಡಿಯುತ್ತವೆ. ಆಮೇಲೆ ಕುಂಡೆ, ಆಮೇಲೆ ಕುತ್ತಿಗೆ. ಗುಡ್ಡ ಹತ್ತುವ ಗಟ್ಟಿ ಹುಡುಗರು ಓಹಾಯೋಪೈಲ್‌ನ ಬೆಂಚುಗಳ ಮೇಲೆ ಕೈ ಒದರುತ್ತ ಕೂತದ್ದನ್ನು ನೋಡಿದ್ದೇನೆ.

ಹಾಗಾದರೆ ಅಭ್ಯಾಸ ಎಲ್ಲಿ? ನಿಮ್ಮ ಮನೆ ಬಾಗಿಲಲ್ಲೇ ಇದೆ. ಈಗ ಆಷಾಢ. ಗದಗಿನಿಂದ ಹುಬ್ಬಳ್ಳಿಯ ಕಡೆಗೆ ಮುಖ ಮಾಡಿ ಹೊರಡಿ. ಪಡುವಣ ಗಾಳಿ ನೇರ ಎದೆಗೆ ಬರುತ್ತದೆ. ಆ ಗಾಳಿಯನ್ನು ನಂಬಿಯೇ ಅಲ್ಲವೇ ನಿಮ್ಮ ಗುಡ್ಡದ ಸಾಲಿನಲ್ಲಿ ಅಷ್ಟೊಂದು ಗಾಳಿಯಂತ್ರಗಳನ್ನು ನಿಲ್ಲಿಸಿದ್ದು. ಅಣ್ಣಿಗೇರಿಯವರೆಗೆ ಒಂದೇ ಒಂದು ಸಲವೂ ಪೆಡಲ್ ನಿಲ್ಲಿಸದೆ ಹೋಗಿ. ವೇಗ ಬೇಡ, ನಿಲ್ಲದಿರುವುದು ಮುಖ್ಯ. ಆ ಗಾಳಿ ಇಳಿಜಾರನ್ನು ನುಂಗಿಹಾಕುತ್ತದೆ, ರೈಲು ದಾರಿಯೂ ಮಾಡುವುದು ಅದನ್ನೇ. ಅರ್ಧ ಗಂಟೆಗೊಮ್ಮೆ ಬೇಕೆಂದೇ ಎದ್ದು ನಿಂತು ಹತ್ತು ಹನ್ನೆರಡು ಸುತ್ತು ತುಳಿಯುವುದನ್ನು ರೂಢಿ ಮಾಡಿಕೊಳ್ಳಿ. ಅಲ್ಲಿ ದಾರಿ ನಿಮ್ಮನ್ನು ಏಳಿಸುವುದಿಲ್ಲ, ನೀವೇ ಏಳಬೇಕು.

ಸೈಕಲ್ ಅಲ್ಲೇ ಬಾಡಿಗೆಗೆ ಪಡೆಯಿರಿ, ಆದರೆ ಸೀಟು ಮಾತ್ರ ಇಲ್ಲಿಂದ ಬಿಚ್ಚಿಕೊಂಡು ಹೋಗಿ. ನಗಬೇಡಿ. ನಿಮ್ಮ ಮೈಗೆ ಪಳಗಿದ ಸೀಟು ಚೀಲದ ಮೂಲೆಯಲ್ಲಿ ಕೂರುತ್ತದೆ, ಕೂಡಿಸುವುದಕ್ಕೆ ಒಂದು ಅಲೆನ್ ಕೀ ಸಾಕು. ಟೈರು 35ರಿಂದ 40 ಮಿಲಿಮೀಟರ್ ಅಗಲದ್ದಿರಲಿ, ಮಡ್‌ಗಾರ್ಡ್ ಇರುವ ಸೈಕಲ್ಲನ್ನೇ ಕೇಳಿ. ಗಾಳಿಯನ್ನು ಕಲ್ಲಿನಂತೆ ತುಂಬಬೇಡಿ.

ಈಗ ನನ್ನ ಪ್ರೀತಿಯ ವಿಷಯ. ದಾರಿಗೆ ಹಾಸಿರುವುದು ಪುಡಿ ಮಾಡಿದ ಸುಣ್ಣಕಲ್ಲು. ಒಂದು ಚಿಟಿಕೆ ಎತ್ತಿ ಬೆರಳುಗಳ ನಡುವೆ ತಿಕ್ಕಿ ನೋಡಿ: ಜೋಳದ ನುಚ್ಚಿನ ಗಾತ್ರದ ಕಾಳು, ಅದರ ಸಂದಿಗೆ ಹಿಟ್ಟಿನಷ್ಟು ನಯವಾದ ಪುಡಿ. ಈ ಎರಡೂ ಸೇರಿದ್ದರಿಂದಲೇ ಉರುಳೆ ಹಾಯಿಸಿದಾಗ ಅದು ಬಿಗಿಯಾಗಿ ಕೂರುತ್ತದೆ, ನೀರನ್ನು ಬಸಿದುಬಿಡುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಚಕ್ರ ಸಲೀಸಾಗಿ ಓಡುತ್ತದೆ. ನಮ್ಮ ಎರೆಯ ಗುಣವೇ ಬೇರೆ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಚಕ್ರಕ್ಕೆ ಸುತ್ತಿಕೊಂಡು ಬ್ರೇಕಿನೊಳಗೆ ಹೊಕ್ಕು ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊರಿಸುತ್ತದೆ. ಗೋಕುಲ ರಸ್ತೆಯವರೇ, ನೀವು ಹೇಳಿದ ಕಾಲುವೆ ದಂಡೆಯ ಮೇಲೆ ಜುಲೈನಲ್ಲಿ ಒಂದು ಮಳೆಯ ನಂತರ ಹೋಗಿ ಬಂದು ಬರೆಯಿರಿ, ಕಾಯುತ್ತೇನೆ.

ದಾರಿಯಲ್ಲಿ ಬರುವ ಊರುಗಳು ಪಿಟ್ಸ್‌ಬರ್ಗ್‌ನಿಂದ ಅಂದಾಜು ಹೀಗೆ: ವೆಸ್ಟ್ ನ್ಯೂಟನ್ 58 ಕಿಲೋಮೀಟರ್, ಕಾನೆಲ್ಸ್‌ವಿಲ್ 100, ಓಹಾಯೋಪೈಲ್ 125, ರಾಕ್‌ವುಡ್ 170, ಮೇಯರ್ಸ್‌ಡೇಲ್ 190, ಫ್ರಾಸ್ಟ್‌ಬರ್ಗ್ 216. ಮೈಲಿಗಲ್ಲುಗಳ ಎಣಿಕೆ ಕಂಬರ್‌ಲೆಂಡ್‌ನಲ್ಲಿ ಸೊನ್ನೆಯಿಂದ ಶುರುವಾಗುತ್ತದೆ. ಹೀಗಾಗಿ ನೀವು ಹೋದಂತೆ ಅಂಕಿ ಇಳಿಯುತ್ತದೆ, ಅದು ಮನಸ್ಸಿಗೆ ಒಳ್ಳೆಯದು. ಮೊದಲ ದಿನ ಹಳೆಯ ಉಕ್ಕಿನ ಕಾರ್ಖಾನೆಗಳ ಸೀಮೆ. ಮೆಕೀಸ್‌ಪೋರ್ಟ್ ದಾಟಿದ ಮೇಲೆ ಯಾಕಗೇನಿ ನದಿ ಜೊತೆಗೂಡುತ್ತದೆ. ಕಾನೆಲ್ಸ್‌ವಿಲ್ ಒಂದು ಕಾಲದಲ್ಲಿ ಕೋಕ್, ಅಂದರೆ ಕಲ್ಲಿದ್ದಲು ಸುಟ್ಟು ಮಾಡುವ ಇಂಧನದ ಒಲೆಗಳಿಗೆ ಹೆಸರಾದ ಊರು. ಪಿಟ್ಸ್‌ಬರ್ಗ್‌ನ ಉಕ್ಕು ಕರಗಿದ್ದು ಇಲ್ಲಿನ ಕೋಕಿನಿಂದ. ಓಹಾಯೋಪೈಲ್‌ನಲ್ಲಿ ಜಲಪಾತವಿದೆ, ಪ್ರವಾಸಿಗಳ ಗದ್ದಲವೂ ಇದೆ. ಶನಿವಾರ ಅಲ್ಲಿ ಕೋಣೆ ಸಿಗುವ ಆಸೆ ಇಟ್ಟುಕೊಳ್ಳಬೇಡಿ.

ಮೇಯರ್ಸ್‌ಡೇಲ್‌ಗೆ ಸ್ವಲ್ಪ ಮೊದಲು ಸ್ಯಾಲಿಸ್‌ಬರಿ ಸೇತುವೆ. 1,908 ಅಡಿ ಉದ್ದ, ಕೆಳಗೆ ಕ್ಯಾಸಲ್‌ಮನ್ ನದಿಯ ಕಣಿವೆ, ಎದುರಿನ ದಿಬ್ಬಗಳ ಮೇಲೆ ಗಾಳಿಯಂತ್ರಗಳು. ನಿಮಗೆ ಅಲ್ಲಿ ಗದಗಿನ ನೆನಪಾಗದಿದ್ದರೆ ಕೇಳಿ. ಮೇಯರ್ಸ್‌ಡೇಲ್‌ನಲ್ಲಿ ನೀರು, ಊಟ ಎರಡನ್ನೂ ತುಂಬಿಸಿಕೊಳ್ಳಿ. ಅಲ್ಲಿಂದ ಫ್ರಾಸ್ಟ್‌ಬರ್ಗ್‌ವರೆಗೆ ಇಪ್ಪತ್ತೈದು ಕಿಲೋಮೀಟರ್ ನಡುವೆ ಅಂಗಡಿಯಿಲ್ಲ.

ಮನೆಯವರು ಹೆದರುವ ಸುರಂಗ ಇದೇ ತುಣುಕಿನಲ್ಲಿದೆ: ಬಿಗ್ ಸ್ಯಾವೇಜ್, 3,294 ಅಡಿ. ಒಳಗೆ ದೀಪಗಳಿವೆ, ನಿಮ್ಮದೊಂದು ದೀಪವನ್ನೂ ಹಚ್ಚಿಕೊಳ್ಳಿ. ಬಾಯಿಗೆ ಹತ್ತಿರ ಬಂದಂತೆ ತಣ್ಣನೆಯ ಗಾಳಿ ಮೊಣಕಾಲಿಗೆ ಬಡಿಯುತ್ತದೆ, ಜಾಕೆಟ್ ಹಾಕಿಕೊಂಡು ಒಳಹೋಗಿ. ಚಳಿಗಾಲದಲ್ಲಿ ಇದರ ಎರಡೂ ಬಾಯಿಗೆ ಬಾಗಿಲು ಹಾಕುತ್ತಾರೆ. ಒಳಗೆ ಜಿನುಗುವ ನೀರು ಹೆಪ್ಪುಗಟ್ಟಿದರೆ ಗೋಡೆಯ ಒಳಪದರ ಒಡೆಯುತ್ತದೆ, ಅದಕ್ಕೆ. ನೀವು ಹೋಗುವ ಹೊತ್ತಿಗೆ ಆ ಕಾಲವಲ್ಲ, ಆದರೂ ಹೊರಡುವ ಮೊದಲು ದಾರಿಯ ಪ್ರಕಟಣೆ ನೋಡಿಕೊಳ್ಳಿ. ಸುರಂಗದ ಪೂರ್ವದ ಬಾಯಿಂದ ಹೊರಬಿದ್ದ ಕೂಡಲೇ ಬೆಟ್ಟಗಳ ಸಾಲು ಒಂದರ ಹಿಂದೊಂದು ತೆರೆದುಕೊಳ್ಳುತ್ತದೆ. ಅಲ್ಲಿಂದ ಕಂಬರ್‌ಲೆಂಡ್‌ವರೆಗೆ ಪೂರ್ತಿ ಇಳಿಜಾರು, ಇಷ್ಟು ದಿನ ಬಾಕಿ ಇದ್ದ ಸಂಬಳ ಒಟ್ಟಿಗೆ ಸಿಕ್ಕ ಹಾಗೆ. ಅದಕ್ಕೇ ಹೇಳುವುದು, ಪಿಟ್ಸ್‌ಬರ್ಗ್‌ನಿಂದಲೇ ಹೊರಡಿ. ಕಂಬರ್‌ಲೆಂಡ್‌ನಿಂದ ಹೊರಟವರು ಸುಮಾರು 540 ಮೀಟರ್ ಏರನ್ನು ಮೊದಲ 38 ಕಿಲೋಮೀಟರಿನಲ್ಲೇ ಹತ್ತಬೇಕು.

ಊಟ, ವಸತಿ, ಕರಡಿಗಳ ಬಗ್ಗೆ ನಾಳೆ. ಕರೆಂಟು ಹೋಗುವ ಲಕ್ಷಣ ಕಾಣುತ್ತಿದೆ.

ಹಳಿ ತಪಾಸಕ, ಹುಬ್ಬಳ್ಳಿ

ರೈಲ್ವೆಯಲ್ಲಿ ಹಳಿಯ ಮೇಲೆ ನಡೆದೇ ನಿವೃತ್ತನಾದವನು ನಾನು. ಸೈಕಲ್ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ, ಏರಿನ ಬಗ್ಗೆ ಇದೆ.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಸುಲಭವಾಗಿ ಉರುಳುತ್ತದೆ, ಅದೇ ಕಾರಣಕ್ಕೆ ಹಿಡಿತ ಕಡಿಮೆ. ಆದ್ದರಿಂದ ದಾರಿ ಹಾಕುವವನು ಗುಡ್ಡ ಕಂಡರೆ ಹತ್ತುವುದಿಲ್ಲ: ಸುತ್ತುತ್ತಾನೆ, ಕೊರೆಯುತ್ತಾನೆ, ಇಲ್ಲವೇ ತಗ್ಗಿಗೆ ಮಣ್ಣು ತುಂಬಿ ಏರಿ ಕಟ್ಟುತ್ತಾನೆ. ನೀವು ಹೋಗುವ ದಾರಿಯಲ್ಲಿ ಅತಿ ಕಡಿದಾದ ಕಡೆ ಏರು ಶೇಕಡಾ 1.75ರ ಆಸುಪಾಸು. ನಮ್ಮ ಲೆಕ್ಕದಲ್ಲಿ 57 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ನಮ್ಮ ಕ್ಯಾಸಲ್‌ರಾಕ್–ಕುಳೆಂ ಘಟ್ಟದಲ್ಲಿ 37ಕ್ಕೆ ಒಂದು. ಅಲ್ಲಿ ಸರಕು ಗಾಡಿಗೆ ಹಿಂದಿನಿಂದ ನೂಕುವುದಕ್ಕೆ ಬ್ಯಾಂಕರ್ ಎಂಜಿನ್‌ಗಳು ಬೇಕು. ಧಾರವಾಡದವರು ಹೇಳಿದ ಅಂಗೈ ಜೋಮಿನ ಕಾರಣ ಈ ಎಂಜಿನಿಯರುಗಳೇ. ಎಂಜಿನ್ನಿಗೆ ಒಂದೇ ಸಮನಾದ ಏರು ಬೇಕು, ಅದಕ್ಕೆ ಜೋಮು ಹಿಡಿಯುವುದಿಲ್ಲ.

ಆ ದಾರಿ ಏಕೆ ಖಾಲಿಯಾಯಿತು ಎಂಬುದೂ ತಿಳಿದಿರಲಿ. ನೀವು ಬೆಟ್ಟ ದಾಟುವ ಭಾಗ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯದು. ಅದೇ ಕಣಿವೆಯಲ್ಲಿ ಎದುರು ದಂಡೆಗೆ ಬಾಲ್ಟಿಮೋರ್ ಅಂಡ್ ಓಹಾಯೋ ಕಂಪನಿಯ ಹಳಿಗಳೂ ಇದ್ದವು. ಎರಡು ಕಂಪನಿಗಳೂ ಒಂದೇ ಒಡೆತನಕ್ಕೆ ಬಂದ ಮೇಲೆ ಒಂದು ಕಣಿವೆಗೆ ಎರಡು ದಾರಿ ಏಕೆ ಎಂಬ ಪ್ರಶ್ನೆ ಎದ್ದಿತು, 1975ರಲ್ಲಿ ಇದನ್ನು ಕೈಬಿಟ್ಟರು. ಇನ್ನೊಂದು ಇಂದಿಗೂ ಬದುಕಿದೆ, ಸಿಎಸ್ಎಕ್ಸ್ ಕಂಪನಿಯ ಉದ್ದುದ್ದ ಗೂಡ್ಸ್ ಗಾಡಿಗಳು ಅದರ ಮೇಲೆ ಓಡುತ್ತವೆ. ಖಾಲಿ ದಾರಿಯ ಮೊದಲ ತುಣುಕನ್ನು ಓಹಾಯೋಪೈಲ್ ಬಳಿ 1986ರಲ್ಲಿ ತೆರೆದರು, ಪಿಟ್ಸ್‌ಬರ್ಗ್‌ನವರೆಗೆ ಪೂರ್ತಿಯಾದದ್ದು 2013ರಲ್ಲಿ. ಕಾನೂನೂ ನೆರವಿಗಿತ್ತು. 1983ರ ತಿದ್ದುಪಡಿಯ ಪ್ರಕಾರ ಬಿಟ್ಟ ರೈಲು ದಾರಿಯನ್ನು ತುಂಡು ತುಂಡಾಗಿ ಮಾರದೆ, ಮುಂದೆ ಬೇಕಾದರೆ ಮತ್ತೆ ಹಳಿ ಹಾಕಬಹುದೆಂಬ ಷರತ್ತಿನ ಮೇಲೆ ಸೈಕಲ್ ದಾರಿಯಾಗಿ ಕಾಯ್ದಿಡಬಹುದು.

ನಮ್ಮಲ್ಲಿ ಏಕಿಲ್ಲ ಎಂದು ಇಲ್ಲಿ ಆಗಾಗ ಯಾರಾದರೂ ಕೇಳುತ್ತಿರುತ್ತಾರೆ. ನಮ್ಮ ಕಡೆಯ ಮೀಟರ್‌ಗೇಜ್ ದಾರಿಗಳು ಸತ್ತು ಖಾಲಿಯಾಗಲಿಲ್ಲ, ಬಹುಪಾಲು ಅದೇ ಏರಿಯ ಮೇಲೆ ಬ್ರಾಡ್‌ಗೇಜ್ ಆದವು. ನಡೆಯುತ್ತಿರುವ ಅಂಗಡಿಯನ್ನು ಯಾರೂ ಸೈಕಲ್ಲಿಗೆ ಬಿಡುವುದಿಲ್ಲ. ಇದನ್ನು ಓದಿ ದೂಧಸಾಗರದ ಹಳಿಯ ಮೇಲೆ ನಡೆಯಲು ಹೊರಡುವ ವೀರರಿಗೆ: 1989ರ ರೈಲ್ವೆ ಕಾಯ್ದೆಯ 147ನೇ ಕಲಮು ಓದಿಕೊಂಡು ಹೊರಡಿ, ಆರು ತಿಂಗಳವರೆಗೆ ಜೈಲಿದೆ.

ಬ್ಯಾಡಗಿ ಖಾರ, ಹಾವೇರಿ

ಅಕ್ಕಾ, ನಾನು ತುಳಿದದ್ದು ಬೇರೆ ರೈಲು ದಾರಿ: ನ್ಯೂಜಿಲೆಂಡಿನ ಒಟಾಗೊ ಸೆಂಟ್ರಲ್. ಕ್ಲೈಡ್‌ನಿಂದ ಮಿಡಲ್‌ಮಾರ್ಚ್‌ವರೆಗೆ 152 ಕಿಲೋಮೀಟರ್, 2000ನೇ ಇಸವಿಯಲ್ಲಿ ತೆರೆದದ್ದು. ಅಣ್ಣ ಡುನೆಡಿನ್‌ನಲ್ಲಿದ್ದಾಗ ಹೋಗಿದ್ದೆ, ಒಬ್ಬಳೇ. ನಿಮ್ಮ ದಾರಿಯ ನೀರು ನೆರಳು ಅಲ್ಲಿಲ್ಲ. ಒಣಗಿದ ಹುಲ್ಲು, ಬಂಡೆ, ಕುರಿ, ಗಾಳಿ. ಪೂಲ್‌ಬರ್ನ್ ಕಣಿವೆಯ ಸುರಂಗಗಳಲ್ಲಿ ದೀಪವಿಲ್ಲ, ಟಾರ್ಚ್ ಹಿಡಿದು ಇಳಿದು ನಡೆಯಬೇಕು. ಆದ್ದರಿಂದ ಎರೆನೆಲ ಅವರ ದೀಪವಿರುವ ಸುರಂಗ ನನಗೆ ಹಬ್ಬದ ಮನೆ ಅನ್ನಿಸಿತು.

ಒಬ್ಬಳೇ ಹೋಗುವ ಬಗ್ಗೆ ಎಲ್ಲರೂ ರಾತ್ರಿಯ ಭಯ, ಕಾಡಿನ ಭಯ ಎನ್ನುತ್ತಾರೆ. ನನ್ನನ್ನು ಕಾಡಿದ್ದು ಸಂಜೆ. ತುಳಿಯುವ ಹೊತ್ತಿನಲ್ಲಿ ಒಂಟಿತನ ನೆನಪಿಗೇ ಬರುವುದಿಲ್ಲ. ಐದಕ್ಕೆ ಊರು ಸೇರಿ, ಸ್ನಾನ ಮಾಡಿ, ಬಟ್ಟೆ ಹಿಂಡಿ ಹಾಕಿದ ಮೇಲೆ ಒಂಬತ್ತರವರೆಗೆ ಏನು ಮಾಡುವುದು? ಹಾವೇರಿಯಲ್ಲಿ ಆ ಹೊತ್ತಿಗೆ ಕಟ್ಟೆಯ ಮೇಲೆ ಕೂತರೆ ಮಾತಿಗೆ ಬರ ಇಲ್ಲ. ಅಲ್ಲಿ ಅಂಗಡಿ ಬಾಗಿಲು ಮುಚ್ಚಿ ಬೀದಿಯೇ ಮಲಗಿಬಿಟ್ಟಿರುತ್ತದೆ. ಅದಕ್ಕೇ ನನ್ನ ಮತ ಕೋಣೆಗೆ, ಅದೂ ಮನೆಯವರೇ ನಡೆಸುವ, ಬೆಳಗಿನ ತಿಂಡಿ ಕೊಡುವ ತಂಗುಮನೆಗೆ. ಆ ಮನೆಯಾಕೆಯರು ಮಾತುಗಾರ್ತಿಯರು. ಒಬ್ಬರು ನನ್ನ ಒದ್ದೆ ಬೂಟಿಗೆ ಹಳೆಯ ಪತ್ರಿಕೆ ತುರುಕಿ ಒಲೆಯ ಪಕ್ಕ ಇಟ್ಟರು. ಬೆಳಿಗ್ಗೆ ನೋಡಿದರೆ ಬೂಟು ಒಣಗಿತ್ತು, ಪತ್ರಿಕೆಯ ಮಸಿ ಕಾಲುಚೀಲಕ್ಕೆ ಹತ್ತಿತ್ತು. ನಿಮ್ಮ ಕಸುಬಿನವರು ಇಂಥ ಕೆಟ್ಟ ಮಸಿ ಬಳಸಬಾರದು.

ಮನೆಯವರಿಗೆ ಒಂದು ಕರಾರು ಮಾಡಿ: ಸಂಜೆ ಊರು ಸೇರಿದ ಮೇಲೆ ಒಂದೇ ಸಂದೇಶ, ನಡುವೆ ಫೋನ್ ಇಲ್ಲ. ಕಣಿವೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಮೊದಲೇ ಹೇಳಿಬಿಡಿ. ಹೇಳದಿದ್ದರೆ ಎರಡು ತಾಸು ಉತ್ತರ ಬರಲಿಲ್ಲವೆಂದು ಪಿಟ್ಸ್‌ಬರ್ಗ್‌ನ ತಂಗಿಯೂ ಗದಗಿನ ಮನೆಯೂ ಪರಸ್ಪರ ಹೆದರಿಸಿಕೊಂಡು ಕೂರುತ್ತಾರೆ. ದಾರಿಯಲ್ಲಿ ಸಿಕ್ಕವರು ಇವತ್ತು ಎಲ್ಲಿ ತಂಗುತ್ತೀರಿ ಎಂದು ಕೇಳಿದರೆ ಊರಿನ ಹೆಸರು ಹೇಳಬೇಡಿ, ಇನ್ನೂ ನೋಡಬೇಕು ಅನ್ನಿ. ನಾನು ಹಾನಗಲ್ಲಿಗೆ ಹೋಗುವಾಗಲೂ ಹೀಗೇ ಹೇಳುತ್ತೇನೆ.

ಎರೆನೆಲ, ಧಾರವಾಡ

ನಿನ್ನೆ ಬಾಕಿ ಉಳಿದದ್ದು.

ಕರಡಿ: ಆ ಬೆಟ್ಟಗಳಲ್ಲಿ ಕಪ್ಪು ಕರಡಿಗಳಿವೆ. ಮನುಷ್ಯರನ್ನು ಕಂಡರೆ ಸಾಮಾನ್ಯವಾಗಿ ತಾವೇ ದೂರ ಸರಿಯುತ್ತವೆ. ಡೇರೆಯೊಳಗೆ ತಿನಿಸು ಇಡದಿದ್ದರೆ ಅವಕ್ಕೆ ನಿಮ್ಮಲ್ಲಿ ಆಸಕ್ತಿಯಿಲ್ಲ. ಹೆದರಬೇಕಾದದ್ದು ಉಣುಗಿಗೆ. ಮಲೆನಾಡಿನ ಮಂಗನ ಕಾಯಿಲೆಯ ಕಥೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಜಿಂಕೆ ಉಣುಗಿನಿಂದ ಲೈಮ್ ಎಂಬ ರೋಗ ಹರಡುತ್ತದೆ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು. ದಾರಿ ಬಿಟ್ಟು ಹುಲ್ಲಿನಲ್ಲಿ ಕೂರಬೇಡಿ, ಬೆಂಚುಗಳು ಬೇಕಾದಷ್ಟಿವೆ. ಸಂಜೆ ಮೊಣಕಾಲ ಹಿಂಬದಿ, ಸೊಂಟದ ಪಟ್ಟಿ, ಕೂದಲ ಬುಡ ತಡವಿ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮ್ಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಬೇಕು, ಎಣ್ಣೆ ಹಚ್ಚುವುದು, ಸುಡುವುದು ಯಾವುದೂ ಬೇಡ. ಹಾಗೆಯೇ ಮೂರೆಲೆಯ ವಿಷಬಳ್ಳಿಯೊಂದು ದಾರಿಯಂಚಿಗೆ ಬೆಳೆದಿರುತ್ತದೆ, ಮುಟ್ಟಿದರೆ ಮೈ ಗುಳ್ಳೆಯೇಳುತ್ತದೆ. ತಂಗಿಗೆ ಗೊತ್ತಿರುತ್ತದೆ, ಅಂಗಳದಲ್ಲೇ ತೋರಿಸುತ್ತಾಳೆ.

ಊಟ: ಉಪವಾಸ ಬೀಳುವುದಿಲ್ಲ, ಬೇಸರ ಬೀಳುತ್ತೀರಿ. ಪಿಜ್ಜಾ, ಹುರಿದ ಆಲೂಗಡ್ಡೆ, ಚೀಸ್ ಇಟ್ಟು ಸುಟ್ಟ ಬ್ರೆಡ್ಡು, ಮತ್ತೆ ಪಿಜ್ಜಾ. ಮೊಟ್ಟೆ ಮುಟ್ಟದವರಿಗೆ ಬೆಳಗಿನ ತಿಂಡಿಯೇ ಕಷ್ಟ, ಪ್ಯಾನ್‌ಕೇಕ್ ಹಿಟ್ಟಿನಲ್ಲೂ ಮೊಟ್ಟೆ ಇರುತ್ತದೆ. ತಂಗುಮನೆಗೆ ಮೊದಲೇ ತಿಳಿಸಿದರೆ ಓಟ್ಸ್, ಹಣ್ಣು ಇಟ್ಟಿರುತ್ತಾರೆ. ತರಕಾರಿ ಸೂಪಿನ ತಳದಲ್ಲಿ ಮಾಂಸದ ರಸ, ಬೇಯಿಸಿದ ಬೀನ್ಸಿನಲ್ಲಿ ಹಂದಿಮಾಂಸದ ಚೂರು ಇರುವುದು ಸಾಮಾನ್ಯ, ಪ್ರತಿ ಸಲ ಕೇಳಿ. ನಾನು ಒಯ್ದದ್ದು ಶೇಂಗಾ ಚಟ್ನಿಪುಡಿ ಮತ್ತು ಖಡಕ್ ಜೋಳದ ರೊಟ್ಟಿ. ರೊಟ್ಟಿ ಚೀಲದಲ್ಲಿ ಪುಡಿಯಾದರೂ ಮೊಸರಿಗೆ ಹಾಕಿಕೊಂಡು ತಿನ್ನಬಹುದು. ಅಲ್ಲಿನ ಟಾರ್ಟಿಯಾಕ್ಕೆ ಚಟ್ನಿಪುಡಿ ಸವರಿದರೆ ಮಧ್ಯಾಹ್ನ ಕಳೆಯುತ್ತದೆ.

ವಾಪಸ್ಸು: ಕಂಬರ್‌ಲೆಂಡ್‌ನಿಂದ ಪಿಟ್ಸ್‌ಬರ್ಗ್‌ಗೆ ಆಮ್‌ಟ್ರಾಕ್ ರೈಲಿದೆ, ಸೈಕಲ್ಲಿಗೂ ಜಾಗ ಕಾಯ್ದಿರಿಸಬೇಕು. ಸಂಜೆ ಹತ್ತಿದರೆ ಇಳಿಯುವಾಗ ನಡುರಾತ್ರಿಯ ಹೊತ್ತು. ತಂಗಿಯ ಗಂಡನಿಗೆ ರಜೆ ಸಿಗದಿದ್ದರೂ ಆ ರಾತ್ರಿ ನಿಲ್ದಾಣಕ್ಕೆ ಬರಬಹುದಲ್ಲ.

ಅಚ್ಚುಮೊಳೆ, ಬೆಟಗೇರಿ

ಇಷ್ಟು ಸಿಗುತ್ತದೆಂದು ಎಣಿಸಿರಲಿಲ್ಲ. ಎಲ್ಲವನ್ನೂ ಮುದ್ರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಮನೆಯವರು ಕನ್ನಡಕ ಹಾಕಿಕೊಂಡು ಓದಿದರು. ಕರಡಿಯ ವಾದ ಬಿದ್ದುಹೋಯಿತು, ಈಗ ಉಣುಗು ಹಿಡಿದುಕೊಂಡಿದ್ದಾರೆ.

ಭಾನುವಾರ ಎರೆನೆಲ ಅವರ ಮಾತಿನಂತೆ ಅಣ್ಣಿಗೇರಿಗೆ ಹೊರಟೆ. ಅಹಂಕಾರ ಹುಲಕೋಟಿಯವರೆಗೆ ಬಾಳಿತು. ಆಮೇಲೆ ಬಲಗೈಯ ಕಿರುಬೆರಳು ತಣ್ಣಗಾಯಿತು, ಬ್ರೇಕ್ ಹಿಡಿದರೆ ಹಿಡಿದದ್ದು ತಿಳಿಯುತ್ತಿರಲಿಲ್ಲ. ಗುಡ್ಡದಲ್ಲಿ ಒಮ್ಮೆಯೂ ಹೀಗಾದದ್ದಿಲ್ಲ. ಪೆಡಲ್ ಮಾತ್ರ ನಿಲ್ಲಿಸಲಿಲ್ಲ. ಮುಸುಕಿನ ಜೋಳ ತುಂಬಿದ ಒಂದು ಟ್ರಾಕ್ಟರ್ ಗಾಳಿಗೆ ಅಡ್ಡವಾಗಿ ಮುಂದೆ ಬಂದಾಗ ಅದರ ಬೆನ್ನಿಗೆ ಅಂಟಿಕೊಂಡು ಹೋಗುವ ಮನಸ್ಸಾಯಿತು. ಅದು ಕಳ್ಳಾಟವೆಂದು ಬಿಟ್ಟೆ. ತಿರುಗಿ ಬರುವಾಗ ಗಾಳಿ ನೂಕಿಕೊಂಡು ಬಂದದ್ದರಿಂದ ಅಭ್ಯಾಸವೇ ಆಗಲಿಲ್ಲ. ಮುಂದಿನ ಸಲ ಬರುವಾಗ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಬರುತ್ತೇನೆ.

ವಸತಿ ಹೀಗೆ ಯೋಚಿಸಿದ್ದೇನೆ: ವೆಸ್ಟ್ ನ್ಯೂಟನ್, ಓಹಾಯೋಪೈಲ್ (ವಾರದ ನಡುವೆ), ಮೇಯರ್ಸ್‌ಡೇಲ್, ಎಲ್ಲ ಕಡೆಯೂ ತಂಗುಮನೆ. ಡೇರೆ ಬೇಡ. ವಾಷಿಂಗ್ಟನ್‌ವರೆಗಿನ ಕಾಲುವೆ ದಾರಿಯ ಆಸೆಯೂ ಒಳಗೊಳಗೇ ಇದೆ. ಅದು ಹೇಗಿದೆ? ಇನ್ನೊಂದು ಸಣ್ಣ ಪ್ರಶ್ನೆ: ಆ ಸುಣ್ಣಕಲ್ಲಿನ ಪುಡಿಗೆ ಚೈನಿಗೆ ಯಾವ ಎಣ್ಣೆ? ನಾನು ಮುದ್ರಣಯಂತ್ರದ ಎಣ್ಣೆಯನ್ನೇ ಹಾಕುತ್ತ ಬಂದಿದ್ದೇನೆ.

ಗೋಕುಲ ರಸ್ತೆ, ಹುಬ್ಬಳ್ಳಿ

ಎರೆನೆಲ ಅವರೇ, ಕಾಲುವೆ ದಂಡೆಗೆ ಹೋಗಿದ್ದೆ. ಸೈಕಲ್ ಇನ್ನೂ ತೊಳೆಯುತ್ತಿದ್ದೇನೆ. ಮುಂದೆ ಮಾತಿಲ್ಲ.

ಎರೆನೆಲ, ಧಾರವಾಡ

ಗೋಕುಲ ರಸ್ತೆಯವರೇ, ಒಣಗಲು ಬಿಡಿ, ಆಮೇಲೆ ಕಡ್ಡಿಯಿಂದ ಒತ್ತಿದರೆ ಹೆಂಟೆಯಾಗಿ ಉದುರುತ್ತದೆ. ಹಸಿಯಿದ್ದಾಗ ನೀರು ಹೊಡೆದಷ್ಟೂ ಒಳಗೆ ಹೋಗುತ್ತದೆ.

ಅಚ್ಚುಮೊಳೆಯವರೇ, ಕಂಬರ್‌ಲೆಂಡ್‌ನಿಂದ ಮುಂದಿನದು ರೈಲು ದಾರಿಯಲ್ಲ. ಚೆಸಪೀಕ್ ಅಂಡ್ ಓಹಾಯೋ ಕಾಲುವೆಯಲ್ಲಿ ದೋಣಿ ಎಳೆಯುತ್ತಿದ್ದ ಹೇಸರಗತ್ತೆಗಳು ನಡೆದ ದಂಡೆ, 184.5 ಮೈಲಿ. ದೋಣಿ ಸಂಚಾರ 1924ರಲ್ಲಿ ನಿಂತಿತು. ಅದನ್ನು ಮೋಟಾರು ರಸ್ತೆ ಮಾಡುವ ಮಾತು ಬಂದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ 1954ರಲ್ಲಿ ಪತ್ರಕರ್ತರನ್ನು ಕರೆದುಕೊಂಡು ಪೂರ್ತಿ ದಾರಿ ನಡೆದರು, ಹೀಗೆ ಉಳಿಯಿತು. ಕೆಲವು ಮೈಲಿಗೊಂದರಂತೆ ಉಚಿತ ಬಿಡಾರಗಳಿವೆ, ಕೈಪಂಪಿನ ನೀರಿಗೆ ಅಯೋಡಿನ್ ವಾಸನೆ. ಆದರೆ ಹಲವು ಕಡೆ ನೆಲ ಮಣ್ಣಿನದು, ಬೇರು, ಹೊಂಡ, ಮಳೆ ಬಂದರೆ ಕೆಸರು. ಪಾ ಪಾ ಸುರಂಗದಲ್ಲಿ ದೀಪವಿಲ್ಲ, 3,118 ಅಡಿ, ಕಟಕಟೆ ಹಿಡಿದು ಸೈಕಲ್ ನಡೆಸಿಕೊಂಡು ಹೋಗಬೇಕು. ಡೇರೆ ಬೇಡವೆಂದ ಮೇಲೆ ಈ ಸಲ ಕಂಬರ್‌ಲೆಂಡ್‌ಗೇ ಮುಗಿಸಿ.

ಯಂತ್ರದ ಎಣ್ಣೆ ಖಂಡಿತ ಬೇಡ. ಒದ್ದೆಯಾಗಿ ಉಳಿಯುವ ಎಣ್ಣೆಗೆ ಆ ಪುಡಿ ಅಂಟಿ ಅರೆಯುವ ಕಲ್ಕವಾಗುತ್ತದೆ, ಚೈನು ಸವೆಯುತ್ತದೆ. ಮೇಣದಂತೆ ಒಣಗುವ ಎಣ್ಣೆ ಅಂಗಡಿಯಲ್ಲಿ ಕೇಳಿ ಪಡೆಯಿರಿ. ಹಿಂದಿನ ರಾತ್ರಿಯೇ ಹನಿಹನಿಯಾಗಿ ಹಾಕಿ, ಹೊರಡುವ ಮುಂಚೆ ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಿ. ಜೋರು ಮಳೆ ಬಿದ್ದ ದಿನ ಸಂಜೆ ಮತ್ತೆ ಹಾಕಬೇಕಾಗುತ್ತದೆ. ಒರೆಸುವುದಕ್ಕೆ ಹಳೆಯ ಬನಿಯನ್ ತುಂಡುಗಳನ್ನು ಇಲ್ಲಿಂದಲೇ ಒಯ್ಯಿರಿ, ಅಲ್ಲಿ ತಂಗುಮನೆಯ ಬಿಳಿ ಟವೆಲ್ಲಿಗೆ ಕೈ ಹಾಕುವ ಪ್ರಸಂಗ ಬರುವುದಿಲ್ಲ.